ಭಾಷಾ ಪ್ರಶ್ನೋತ್ತರ: ಫ್ರೆಂಚರ ರಕಾರ ನಮ್ಮ ನಾಲಿಗೆಗೆ ಒಲಿಯುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಕಂಪನಿಗಳಲ್ಲಿ ಫ್ರೆಂಚ್ ಬಲ್ಲವರಿಗೆ ಕೆಲಸ ಸಿಗುತ್ತದೆಂದು ತಿಳಿದು ಎಂಟು ತಿಂಗಳಿಂದ ಆನ್‌ಲೈನ್ ತರಗತಿಯಲ್ಲಿ ಕಲಿಯುತ್ತಿದ್ದೇನೆ. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಎ2 ಹಂತಕ್ಕೆ ಕೂರಬೇಕೆಂದಿದ್ದೇನೆ. ವ್ಯಾಕರಣ, ಬರವಣಿಗೆ ಕಷ್ಟವೆನಿಸಿಲ್ಲ. ಆದರೆ ಅವರ ರಕಾರ ಮಾತ್ರ ಬರುತ್ತಲೇ ಇಲ್ಲ. ‘ಗಂಟಲಿನಿಂದ ಹೇಳಿ’ ಎಂದು ಟೀಚರ್ ಪ್ರತಿ ತರಗತಿಯಲ್ಲೂ ತಿದ್ದುತ್ತಾರೆ. ಹಾಗೆ ಹೇಳಹೋದರೆ ಒಮ್ಮೆ ‘ಹ’ ಆಗುತ್ತದೆ, ಒಮ್ಮೆ ‘ಗ’ ಆಗುತ್ತದೆ. ಅರ್ಧ ಗಂಟೆ ಅಭ್ಯಾಸ ಮಾಡಿದರೆ ಗಂಟಲು ಉರಿಯುತ್ತದೆ. ನನಗೆ ಕೆಮ್ಮು ಹಿಡಿದಿದೆಯೆಂದು ಅಮ್ಮ ಅರಿಶಿನದ ಹಾಲು ಕಾಸಿ ಕೊಡುತ್ತಿದ್ದಾರೆ. ಕನ್ನಡದ ನಾಲಿಗೆಗೆ ಈ ಧ್ವನಿ ನಿಜವಾಗಿಯೂ ಸಾಧ್ಯವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಾಧ್ಯ; ಅದೂ ಗಂಟಲನ್ನು ನೋಯಿಸದೆ ಸಾಧ್ಯ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಉರಿಯ ಮಾತು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

‘ಗಂಟಲಿನಿಂದ’ ಎಂಬ ಸೂಚನೆ ಒಳ್ಳೆಯ ಮನಸ್ಸಿನಿಂದ ಬಂದದ್ದೇ ಆದರೂ ಅದು ತೋರಿಸುವ ಜಾಗ ಸರಿಯಲ್ಲ. ಅದನ್ನು ಕೇಳಿದ ಕೂಡಲೇ ನಾವು ಕುತ್ತಿಗೆಯ ಸ್ನಾಯುಗಳನ್ನು ಬಿಗಿ ಹಿಡಿದು, ಧ್ವನಿತಂತುಗಳಿರುವ ಕಡೆಯಿಂದ ಗಾಳಿಯನ್ನು ಒತ್ತಿ ನೂಕುತ್ತೇವೆ. ಉರಿ ಬರುವುದು ಅದರಿಂದ. ಫ್ರೆಂಚರ ರಕಾರ ಹುಟ್ಟುವ ಜಾಗ ಅದಕ್ಕಿಂತ ಮೇಲಿದೆ. ಕನ್ನಡಿಯ ಮುಂದೆ ನಿಂತು, ಬಾಯಿ ಅಗಲಿಸಿ ‘ಆ’ ಎನ್ನುತ್ತ ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ಹಿಂಭಾಗದಲ್ಲಿ ಕಿರುನಾಲಿಗೆ ತೂಗಾಡುವುದು ಕಾಣುತ್ತದೆ. ನಾಲಿಗೆಯ ಹಿಂಭಾಗ ಮೇಲೆದ್ದು ಆ ಕಿರುನಾಲಿಗೆಯ ಸಮೀಪಕ್ಕೆ ಹೋಗಿ, ಮುಟ್ಟದೆ, ನಡುವೆ ಒಂದು ಕಿರಿದಾದ ಸಂದನ್ನು ಉಳಿಸಿದಾಗ ಆ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೊರಬರುವ ಸದ್ದೇ ಫ್ರೆಂಚರ ರಕಾರ. ಶಾಲೆಯಲ್ಲಿ ನಾವು ಕವರ್ಗವನ್ನು ಕಂಠ್ಯವೆಂದೇ ಕಲಿತಿದ್ದೇವೆ, ಆದರೆ ಕ, ಗ ಹೇಳುವಾಗ ಯಾರಿಗೂ ಗಂಟಲು ಉರಿಯುವುದಿಲ್ಲ. ಈ ಧ್ವನಿಯೂ ಅದೇ ಓಣಿಯದು. ಗಕಾರದ ಮನೆಯಿಂದ ಒಂದು ಮನೆ ಹಿಂದಕ್ಕೆ, ಅಷ್ಟೇ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಈ ಧ್ವನಿಯನ್ನು ಕಲಿಯುವಾಗ ‘ರ’ ಎಂಬ ಅಕ್ಷರವನ್ನು ಕೆಲವು ದಿನ ಮರೆತುಬಿಡಿ. ನಮ್ಮ ರಕಾರ ನಾಲಿಗೆಯ ತುದಿಯ ಕೆಲಸ. ತುದಿ ಮೇಲೆದ್ದು, ಮೇಲಿನ ಹಲ್ಲುಗಳ ಹಿಂದಿರುವ ಒಸಡಿಗೆ ತಟ್ಟಿ ಬರುತ್ತದೆ. ಫ್ರೆಂಚರಲ್ಲಿ ಆ ತುದಿಗೆ ಕೆಲಸವೇ ಇಲ್ಲ, ಅದು ಕೆಳಗಿನ ಹಲ್ಲುಗಳ ಹಿಂದೆ ಸುಮ್ಮನೆ ಮಲಗಿರುತ್ತದೆ. ಎರಡಕ್ಕೂ ಒಂದೇ ಅಕ್ಷರ ಬರೆಯುವುದರಿಂದ ಕಣ್ಣು ಮೋಸಹೋಗುತ್ತದೆ, ಕಣ್ಣಿನ ಮಾತು ಕೇಳಿ ನಾಲಿಗೆಯೂ ತನ್ನ ಹಳೆಯ ದಾರಿ ಹಿಡಿಯುತ್ತದೆ. ನಮ್ಮ ರಕಾರವನ್ನೇ ಹಿಂದಕ್ಕೆ ಎಳೆದೆಳೆದು ಫ್ರೆಂಚರ ರಕಾರ ಮಾಡುತ್ತೇನೆಂದು ಹೊರಟವರು ವರ್ಷಗಟ್ಟಲೆ ಒದ್ದಾಡುವುದನ್ನು ಕಂಡಿದ್ದೇನೆ. ಗಕಾರದಿಂದ ಹೊರಟವರು ಬೇಗ ಮುಟ್ಟುತ್ತಾರೆ.

ನಿಮ್ಮ ತಪ್ಪುಗಳೇ ಇದಕ್ಕೆ ಸಾಕ್ಷಿ. ‘ಹ’ ಕೇಳಿಸಿದಾಗ ನಾಲಿಗೆಯ ಹಿಂಭಾಗ ಸಾಕಷ್ಟು ಮೇಲೆದ್ದಿಲ್ಲ, ಗಾಳಿ ಎಲ್ಲಿಯೂ ಉಜ್ಜದೆ ಹೊರಗೆ ಹೋಗಿದೆ. ‘ಗ’ ಕೇಳಿಸಿದಾಗ ಅದು ಹೆಚ್ಚು ಎದ್ದು ದಾರಿಯನ್ನೇ ಮುಚ್ಚಿದೆ. ಬೇಕಾದ ಧ್ವನಿ ಇವೆರಡರ ನಡುವೆ ಇದೆ. ನಿಮಗೆ ಬರುತ್ತಲೇ ಇಲ್ಲವೆಂದು ನೀವು ತಿಳಿದಿದ್ದೀರಿ. ನನಗಾದರೋ ನೀವು ಅದರ ಎರಡೂ ಮಗ್ಗುಲಿಗೆ ಬಂದು ನಿಂತಿರುವಂತೆ ತೋರುತ್ತದೆ.

ಈಗ ಅಭ್ಯಾಸದ ಮಾತು. ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಇರಿಸಿ, ‘ಅಗ, ಅಗ, ಅಗ’ ಎಂದು ನಿಧಾನವಾಗಿ ಹೇಳಿ. ಗಕಾರದಲ್ಲಿ ದಾರಿ ಮುಚ್ಚಿ ತೆರೆಯುವುದು ಅರಿವಿಗೆ ಬರಲಿ. ಅವಸರದಲ್ಲಿ ‘ಆಗಲ್ಲ, ಹೋಗಲ್ಲ’ ಎನ್ನುವಾಗ ನಮ್ಮ ಗಕಾರ ಪೂರ್ತಿ ಮುಚ್ಚಿಕೊಳ್ಳದೆ ಸಡಿಲವಾಗುವುದುಂಟು. ಆ ಸಡಿಲಿಕೆಯನ್ನೇ ಬೇಕೆಂದು ಮಾಡಿ, ಬಾಗಿಲನ್ನು ಮುಚ್ಚದೆ ಸ್ವಲ್ಪ ಓರೆ ಮಾಡಿಟ್ಟಂತೆ ಸಂದು ಬಿಡಿ, ಮತ್ತು ಆ ಸಂದನ್ನು ಇನ್ನೂ ತುಸು ಹಿಂದಕ್ಕೆ, ಕಿರುನಾಲಿಗೆಯ ಕಡೆಗೆ ಒಯ್ಯಿರಿ. ತುದಿ ತಾನಾಗಿ ಮೇಲೇಳುತ್ತಿದ್ದರೆ ತೊಳೆದ ಚಮಚದ ಹಿಂಬದಿಯಿಂದ ಅದನ್ನು ಮೆಲ್ಲಗೆ ಅದುಮಿ ಹಿಡಿದುಕೊಳ್ಳಬಹುದು. ಅಂಗಾತ ಮಲಗಿ ಹೇಳಿದರೆ ನಾಲಿಗೆ ತನ್ನ ಭಾರದಿಂದಲೇ ಹಿಂದಕ್ಕೆ ಸರಿಯುವುದರಿಂದ ಕೆಲವರಿಗೆ ಮೊದಲ ಬಾರಿ ಧ್ವನಿ ಸಿಗುವುದು ಮಲಗಿದಾಗಲೇ.

ಶೀತವಾದಾಗ ಉಪ್ಪುನೀರನ್ನು ಗಂಟಲಿನಲ್ಲಿ ನಿಲ್ಲಿಸಿ ಗಳಗಳ ಮಾಡುತ್ತೇವಲ್ಲ, ಆಗ ಅದುರುವುದೂ ಈ ಕಿರುನಾಲಿಗೆಯೇ. ಎಂದೇ ಅನೇಕ ಶಿಕ್ಷಕರು ನೀರಿಲ್ಲದೆ ಗಳಗಳ ಮಾಡಿ ಎಂದು ಹೇಳಿಕೊಡುತ್ತಾರೆ. ಜಾಗ ಗುರುತಿಸುವುದಕ್ಕೆ ಇದು ಸೊಗಸಾದ ಉಪಾಯ. ಆದರೆ ಗುರುತು ಸಿಕ್ಕಿದ ಮೇಲೆ ಇದನ್ನು ಬಿಡಬೇಕು. ಇಂದಿನ ಪ್ಯಾರಿಸ್ಸಿನ ಮಾತಿನಲ್ಲಿ ರಕಾರ ಅಷ್ಟು ಅದುರುವುದಿಲ್ಲ, ಬಹಳ ಮೃದು. ಪದದ ಕೊನೆಯಲ್ಲಂತೂ ಒಂದು ತೆಳ್ಳನೆಯ ಉಸಿರಿನಂತೆ ಮುಗಿದುಹೋಗುತ್ತದೆ. ಕ್ಯಾಕರಿಸಿದಂತೆ ಕೇಳುವ ರಕಾರ ಫ್ರೆಂಚರ ಕಿವಿಗೂ ಅಸಹಜವೇ.

ಇದಕ್ಕಿಂತ ಒಳ್ಳೆಯ ಗುರು ನಿಮ್ಮ ಊರಿನಲ್ಲೇ ಇದ್ದಾರೆ. ದಾವಣಗೆರೆಯ ಪೇಟೆಯಲ್ಲಿ, ಚಿತ್ರದುರ್ಗದ ಸಂತೆಯಲ್ಲಿ ದಖ್ಖನಿ ಉರ್ದು ಮಾತನಾಡುವವರನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತಿದ್ದೇವೆ. ಖಾಲಿ, ಖರ್ಚು, ಖುಷಿ ಎಂಬ ಪದಗಳು ನಮಗೆ ಅರಬ್ಬಿ, ಪಾರಸಿಗಳಿಂದ ಬಂದವು. ನಾವು ಅವನ್ನು ನಮ್ಮ ಖಕಾರದಲ್ಲಿ ಹೇಳುತ್ತೇವೆ, ಅವರು ನಾಲಿಗೆಯ ಹಿಂಭಾಗದಲ್ಲಿ ಗಾಳಿಯನ್ನು ಉಜ್ಜಿಸಿ ‘ಖ಼ಾಲಿ’, ‘ಖ಼ುಷಿ’ ಎನ್ನುತ್ತಾರೆ. ನಮ್ಮ ‘ಕಾಗದ’ವನ್ನು ಮೂಲಕ್ಕೆ ಹತ್ತಿರವಾಗಿ ‘ಕಾಗ಼ಜ಼್’ ಎನ್ನುತ್ತಾರೆ. ‘ಗ಼ರೀಬ್’ ಎನ್ನುವಾಗಲೂ ಅದೇ ಗಕಾರ. ಈ ‘ಗ಼’ ಮತ್ತು ‘ಖ಼’ ಧ್ವನಿಗಳು ಫ್ರೆಂಚರ ರಕಾರಕ್ಕೆ ಎಷ್ಟು ಹತ್ತಿರವೆಂದರೆ, ಅವನ್ನು ಚೆನ್ನಾಗಿ ಹೇಳಬಲ್ಲವರಿಗೆ ಮುಂದಿನ ದಾರಿ ಕೆಲವೇ ದಿನಗಳದ್ದು. ನಾನೇ ಕಲಿಯುತ್ತಿದ್ದಾಗ ತಿಂಗಳುಗಟ್ಟಲೆ ನಿಮ್ಮಂತೆ ಗಂಟಲು ನೋಯಿಸಿಕೊಂಡು, ಕೊನೆಗೆ ದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ‘ಕಾಗ಼ಜ಼್’ ಎನ್ನುತ್ತಿದ್ದುದು ನೆನಪಾಗಿ, ಅವರ ಮಾತನ್ನು ಮನಸ್ಸಿನಲ್ಲೇ ಅನುಕರಿಸಿದಾಗ ಆ ಧ್ವನಿ ಮೊದಲ ಸಲ ಸಿಕ್ಕಿತು. ಬಾಲ್ಯದಲ್ಲಿ ಕಿವಿಗೆ ಬಿದ್ದದ್ದು ಇಷ್ಟು ದೂರದ ಭಾಷೆಗೆ ನೆರವಾದೀತೆಂದು ಆವರೆಗೆ ನನಗೆ ಹೊಳೆದಿರಲಿಲ್ಲ. ನಿಮಗೂ ಅಂಥ ಗೆಳತಿಯರಿದ್ದರೆ ಈ ನಾಲ್ಕು ಪದಗಳನ್ನು ಅವರ ಬಾಯಲ್ಲಿ ಹೇಳಿಸಿ, ತುಟಿಯನ್ನು ನೋಡದೆ ಕಣ್ಣು ಮುಚ್ಚಿ ಕೇಳಿ.

ಪದಗಳಿಗೆ ಬಂದಾಗ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಹಿಡಿಯಬೇಕೆಂಬುದು ಬಹಳ ಮುಖ್ಯ, ಮತ್ತು ಮೊದಲ ಪಾಠಕ್ಕೆ ‘ದುರ್ಗ’ಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ. ರಕಾರದ ಬೆನ್ನಿಗೇ ಗಕಾರ ಇರುವುದರಿಂದ ನಾಲಿಗೆಯ ಹಿಂಭಾಗ ಮೇಲೇಳಲು ಮೊದಲೇ ಸಿದ್ಧವಾಗಿರುತ್ತದೆ. ತುದಿಯನ್ನು ಮಲಗಿಸಿ, ‘ದು’ ಆದಮೇಲೆ ಆ ಸಡಿಲ ಗಕಾರವನ್ನು ಎಳೆದು, ಅದನ್ನು ಗಟ್ಟಿ ಗಕಾರದಲ್ಲಿ ಮುಚ್ಚಿರಿ. ಅದು ಸಲೀಸಾದ ಮೇಲೆ ಫ್ರೆಂಚಿನ ‘ಗ್ರಾಂ’ (ದೊಡ್ಡದು), ‘ಗ್ರೋ’ (ದಪ್ಪ), ‘ಕ್ರೆ’ (ಸೀಮೆಸುಣ್ಣ) ಹೇಳಿ. ಆಮೇಲೆ ಎರಡು ಸ್ವರಗಳ ನಡುವಿನ ರಕಾರ: ನಮ್ಮ ‘ಹರಿಹರ’ವನ್ನು ಹಾಗೆ ಹೇಳಿ ನೋಡಿ, ನಂತರ ಅವರ ‘ಪಾರಿ’ಯನ್ನು, ಅಂದರೆ ನಾವು ಪ್ಯಾರಿಸ್ ಎನ್ನುವ ಊರನ್ನು. ಬಳಿಕ ಕೊನೆಯಲ್ಲಿ ಬರುವ ‘ಪೇರ್’ (ತಂದೆ), ‘ಬೊಂಝೂರ್’ (ನಮಸ್ಕಾರ). ಪದದ ಮೊದಲಿಗೇ ಬರುವ ‘ರೂಝ್’ (ಕೆಂಪು), ‘ರೀ’ (ಅಕ್ಕಿ, ಅನ್ನ) ಇವಕ್ಕಿಂತ ಕಷ್ಟ.

ಎಲ್ಲಕ್ಕಿಂತ ಕಷ್ಟವಾದದ್ದು ತಕಾರ, ದಕಾರಗಳ ಬೆನ್ನಿಗೆ ಬರುವ ರಕಾರ. ‘ತ್ರ್ವಾ’ (ಮೂರು), ‘ಕಾತ್ರ್’ (ನಾಲ್ಕು) ಎನ್ನುವಾಗ ತಕಾರಕ್ಕಾಗಿ ನಾಲಿಗೆಯ ತುದಿ ಹಲ್ಲಿಗೆ ಏರಲೇಬೇಕು; ಏರಿದ ತುದಿ ಹಾಗೆಯೇ ನಮ್ಮ ರಕಾರವನ್ನು ತಟ್ಟಿಬಿಡುತ್ತದೆ. ಆದ್ದರಿಂದ ‘ತ್’ ಎಂದು ನಿಲ್ಲಿಸಿ, ತುದಿಯನ್ನು ಕೆಳಗಿಳಿಸಿ, ‘ರ್ವಾ’ ಎಂದು ಬೇರೆಯಾಗಿ ಹೇಳಿ. ಆ ಬಿಡುವನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬನ್ನಿ. ‘ಚಿತ್ರದುರ್ಗ’ ಎಂಬ ಒಂದೇ ಹೆಸರಿನಲ್ಲಿ ಅತಿ ಕಷ್ಟದ ‘ತ್ರ’ವೂ ಅತಿ ಸುಲಭದ ‘ರ್ಗ’ವೂ ಇರುವುದು ಅಭ್ಯಾಸಕ್ಕೆ ಒಂದು ಭಾಗ್ಯವೇ ಸರಿ.

ಇನ್ನೊಂದು ಸೂಕ್ಷ್ಮವಿದೆ. ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ‘ಗ್ರಾಂ’ ಎಂದರೆ ರಕಾರದಲ್ಲೂ ಕಂಪನ ತಿಳಿಯುತ್ತದೆ. ‘ಪ್ರೀ’ (ಬೆಲೆ), ‘ತ್ರ್ವಾ’, ‘ಕ್ರೆ’, ‘ಫ್ರೇರ್’ (ಸಹೋದರ) ಎನ್ನುವಾಗ ಮೊದಲ ರಕಾರದಲ್ಲಿ ಆ ಕಂಪನ ಇರುವುದಿಲ್ಲ. ಪ, ತ, ಕ, ಫಗಳ ಬೆನ್ನಿಗೆ ಬಂದ ರಕಾರ ಘೋಷವನ್ನು ಕಳೆದುಕೊಂಡು ‘ಖ಼’ದಂತೆ ಕೇಳುತ್ತದೆ, ಉಳಿದೆಡೆ ‘ಗ಼’ದಂತೆ. ಇದನ್ನು ಬೇರೆಯಾಗಿ ಕಲಿಯಬೇಕಾಗಿಲ್ಲ, ಜಾಗ ಸರಿಯಾದರೆ ತಾನಾಗಿ ಬರುತ್ತದೆ. ಗಮನಿಸಬೇಕಾದದ್ದು ಗಕಾರದ ಕಡೆಗಿನ ಜಾರುವಿಕೆ. ‘ರಾಂ’ ಎಂದರೆ ಸಾಲು, ‘ಗಾಂ’ ಎಂದರೆ ಕೈಗವಸು; ‘ರೂ’ ಎಂದರೆ ಚಕ್ರ, ‘ಗೂ’ ಎಂದರೆ ರುಚಿ. ಇಲ್ಲಿ ಮಾತ್ರ ಅರ್ಥವೇ ಕೆಡುತ್ತದೆ.

ಅದೇ ಕಾರಣಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ನೀವು ನಮ್ಮ ಕನ್ನಡದ ರಕಾರದಲ್ಲೇ ‘ಪಾರಿ’ ಎಂದರೂ ಫ್ರೆಂಚಿನಲ್ಲಿ ಯಾವ ಪದದ ಅರ್ಥವೂ ಬದಲಾಗುವುದಿಲ್ಲ. ಕೇಳಿದವರಿಗೆ ನೀವು ಹೊರಗಿನವರೆಂದು ತಿಳಿಯುತ್ತದೆ, ಅಷ್ಟೇ. ಡೆಲ್ಫ್ ಪರೀಕ್ಷೆಯ ಒಟ್ಟು 100 ಅಂಕಗಳಲ್ಲಿ ಮಾತಿನ ಭಾಗಕ್ಕೆ 25. ಉಚ್ಚಾರಣೆ ಆ 25ರೊಳಗೆ ನೋಡುವ ಹಲವು ಅಂಶಗಳಲ್ಲಿ ಒಂದು. ತೇರ್ಗಡೆಗೆ ಒಟ್ಟು 50 ಅಂಕ, ಪ್ರತಿ ಭಾಗದಲ್ಲಿ ಕನಿಷ್ಠ 5 ಅಂಕ ಬೇಕು. ರಕಾರ ಒಂದರಿಂದ ಯಾರೂ ಅನುತ್ತೀರ್ಣರಾಗುವುದಿಲ್ಲ. ನಿಮ್ಮ ಸಮಯದ ದೊಡ್ಡ ಪಾಲನ್ನು ನಾನಾದರೆ ಅವರ ಸ್ವರಗಳಿಗೆ ಕೊಡಿಸುತ್ತಿದ್ದೆ. ತುಟಿಯನ್ನು ‘ಉ’ ಎನ್ನುವಂತೆ ದುಂಡಗೆ ಮಾಡಿ ಒಳಗೆ ‘ಈ’ ಎನ್ನುವ ಸ್ವರ ಅವರಲ್ಲಿದೆ. ಅದು ತಪ್ಪಿ ನಮ್ಮ ‘ಊ’ ಆದರೆ ಬೀದಿ ಎಂಬ ಅರ್ಥದ ಪದ ಹೋಗಿ ಚಕ್ರವಾಗುತ್ತದೆ. ರಕಾರಕ್ಕೆ ದಿನಕ್ಕೆ ಎರಡು ಸಲ 5 ನಿಮಿಷ ಸಾಕು, ನಡುವೆ ನೀರು ಕುಡಿಯಿರಿ. ಉರಿ ಕಂಡ ಕ್ಷಣವೇ ನಿಲ್ಲಿಸಿ, ಏಕೆಂದರೆ ಅದು ಜಾಗ ತಪ್ಪಿದ್ದರ ಸೂಚನೆ. ಅಭ್ಯಾಸ ಬಿಟ್ಟ ಮೇಲೂ ಧ್ವನಿ ಒಡೆದದ್ದು ಎರಡು ಮೂರು ವಾರ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸುವುದು ಅಗತ್ಯ. ಅಮ್ಮನಿಗೆ ವಿಷಯ ತಿಳಿಸಿಬಿಡಿ, ಸುಮ್ಮನೆ ಆತಂಕಪಡುತ್ತಿದ್ದಾರೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ಮಗ ಫ್ರೆಂಚ್ ಕಲಿಯುವುದನ್ನು ಕೇಳಿ ಈ ಪ್ರಶ್ನೆ ಹುಟ್ಟಿತು. ಲ್ಯಾಟಿನ್ನಿನಿಂದ ಹುಟ್ಟಿದ ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ರಕಾರ ನಮ್ಮಂತೆಯೇ ಇದೆ. ಫ್ರೆಂಚರಲ್ಲಿ ಮಾತ್ರ ಅದು ಹಿಂದಕ್ಕೆ ಹೋದದ್ದು ಅಪಭ್ರಂಶವಲ್ಲವೇ? ಕನ್ನಡದಲ್ಲಿ ಅದನ್ನು ಬರೆಯುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ತಾವು ಊಹಿಸಿದಂತೆ ಫ್ರೆಂಚರೂ ಹಿಂದೆ ನಾಲಿಗೆಯ ತುದಿಯಿಂದಲೇ ಹೇಳುತ್ತಿದ್ದರು. 1670ರಲ್ಲಿ ಮೊದಲು ಪ್ರದರ್ಶನಗೊಂಡ ಮೋಲಿಯೇರನ ‘ಲ ಬೂರ್ಜ್ವಾ ಜಾಂತಿಯೊಮ್’ ನಾಟಕದಲ್ಲಿ ತತ್ತ್ವಶಾಸ್ತ್ರದ ಗುರು ತನ್ನ ಶಿಷ್ಯನಿಗೆ ರಕಾರ ಕಲಿಸುವಾಗ, ನಾಲಿಗೆಯ ತುದಿಯನ್ನು ಅಂಗುಳದ ಮೇಲ್ಭಾಗಕ್ಕೆ ಒಯ್ದು ಗಾಳಿಯ ರಭಸಕ್ಕೆ ಅದನ್ನು ನಡುಗಿಸಬೇಕೆಂದು ವಿವರಿಸುತ್ತಾನೆ. ನಮ್ಮ ಮಕ್ಕಳಿಗೆ ನಾವು ಹೇಳಿಕೊಡುವುದೂ ಹೆಚ್ಚುಕಡಿಮೆ ಹಾಗೆಯೇ. ಆಮೇಲಿನ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಕಿರುನಾಲಿಗೆಯ ರಕಾರ ಬಲಗೊಂಡು ಉಳಿದೆಡೆಗೆ ಹರಡಿತು. ಆದರೂ ಫ್ರಾನ್ಸಿನ ಹಳ್ಳಿಗಾಡುಗಳಲ್ಲಿ ತುದಿನಾಲಿಗೆಯ ರಕಾರ ಬಹುಕಾಲ ಉಳಿಯಿತು, ಕೆನಡಾದ ಮಾಂಟ್ರಿಯಲ್‌ನಲ್ಲಿ 20ನೆಯ ಶತಮಾನದಲ್ಲೂ ಕೇಳುತ್ತಿತ್ತು, ಪಶ್ಚಿಮ ಆಫ್ರಿಕಾದಲ್ಲಿ ಫ್ರೆಂಚ್ ಮಾತನಾಡುವ ಅನೇಕರಲ್ಲಿ ಇಂದಿಗೂ ಇದೆ. ಜರ್ಮನ್, ಡೇನಿಷ್ ಭಾಷೆಗಳಲ್ಲೂ ಕಿರುನಾಲಿಗೆಯ ರಕಾರ ಉಂಟು.

ಅಪಭ್ರಂಶವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನೆರೆಯ ದಾವಣಗೆರೆಯ ಹೆಸರಿನ ಕೊನೆಯಲ್ಲಿರುವ ‘ಕೆರೆ’ ಹಳಗನ್ನಡದಲ್ಲಿ ‘ಕೆಱೆ’ ಆಗಿತ್ತು. ಆ ಶಕಟರೇಫವನ್ನು ನಾವು ಪೂರ್ತಿಯಾಗಿ ಕಳೆದುಕೊಂಡಿದ್ದೇವೆ. ‘ಕೋೞಿ’ಯ ೞಕಾರವನ್ನೂ ಕಳೆದುಕೊಂಡಿದ್ದೇವೆ. ಹಾಗೆಂದು ಇಂದಿನ ಕನ್ನಡವನ್ನು ಯಾರೂ ಕೆಟ್ಟ ಕನ್ನಡವೆನ್ನುವುದಿಲ್ಲ. ತಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ‘ಸುವಂಣಗಿರಿ’, ‘ಆರೋಗಿಯಂ’ ಎಂದು ರಕಾರ ಉಳಿದುಕೊಂಡಿದೆ. ಅದೇ ಅರಸನ ಶಾಸನಗಳು ಒಡಿಶಾದ ಧೌಲಿಯಲ್ಲಿ ಮಾಗಧಿಯ ರೂಢಿಯಂತೆ ‘ರಾಜ’ನನ್ನು ‘ಲಾಜ’ನನ್ನಾಗಿಸಿವೆ. ಒಬ್ಬನೇ ಅರಸನ ಆಜ್ಞೆಯಲ್ಲಿ ರಕಾರ ಒಂದೆಡೆ ನಿಂತು, ಇನ್ನೊಂದೆಡೆ ಬೇರೆ ಧ್ವನಿಗೆ ಜಾಗ ಬಿಟ್ಟಿದೆ. ಬದಲಾಗುವುದು ಈ ಧ್ವನಿಯ ಹಳೆಯ ಗುಣ. ಮಕ್ಕಳಿಗೆ ಹಳಗನ್ನಡ ಕಲಿಸುವಾಗ ಈ ಸಂಗತಿಯನ್ನು ತಾವು ತಂದರೆ ೞ, ಱಗಳ ಪಾಠಕ್ಕೆ ಜೀವ ಬಂದೀತು.

ಬರವಣಿಗೆಯ ಬಗ್ಗೆ: ಜ಼, ಫ಼ ಅಕ್ಷರಗಳಿಗೆ ಚುಕ್ಕೆಯಿಡುವ ರೂಢಿ ನಮ್ಮಲ್ಲಿದೆ, ಹಾಗೆಯೇ ರಕಾರಕ್ಕೂ ಒಂದು ಗುರುತು ಮಾಡಬಹುದು. ಆದರೆ ಮಗನಿಗೆ ಅದು ನೆರವಾಗದು. ಸಾಮಾನ್ಯ ‘ರ’ ಬರೆದುಕೊಳ್ಳಲಿ, ಧ್ವನಿಯನ್ನು ಕಿವಿಯಿಂದ ಕಲಿಯಲಿ.

ಪ್ರಶ್ನೆ: ಪದದ ಕೊನೆಯ ರಕಾರವನ್ನು ಫ್ರೆಂಚಿನಲ್ಲಿ ಕೆಲವೆಡೆ ಹೇಳುತ್ತಾರೆ, ಕೆಲವೆಡೆ ಬಿಡುತ್ತಾರೆ. ಇದಕ್ಕೆ ನಿಯಮವಿದೆಯೇ?
– ಓದುಗರು, ಹರಿಹರ

ಉತ್ತರ: ಇದೆ, ಪೂರ್ತಿ ಕಟ್ಟುನಿಟ್ಟಾದುದಲ್ಲ. ‘ಪಾರ್ಲೇ’ (ಮಾತನಾಡುವುದು) ಎಂಬಂತೆ ‘ಏ’ ಧ್ವನಿಯಲ್ಲಿ ಮುಗಿಯುವ ಕ್ರಿಯಾಪದಗಳಲ್ಲಿ ಕೊನೆಯ ರಕಾರವನ್ನು ಬರೆಯುತ್ತಾರೆ, ಹೇಳುವುದಿಲ್ಲ. ‘ಪ್ರೆಮ್ಯೇ’ (ಮೊದಲನೆಯವನು) ಎಂಬಂಥ ಪದಗಳಲ್ಲೂ ಹಾಗೆಯೇ. ಅದರ ಸ್ತ್ರೀಲಿಂಗ ‘ಪ್ರೆಮ್ಯೇರ್’ನಲ್ಲಿ ಮಾತ್ರ ರಕಾರ ಕೇಳುತ್ತದೆ. ‘ಮೇರ್’ (ಸಮುದ್ರ), ‘ಫೇರ್’ (ಕಬ್ಬಿಣ), ‘ಯೇರ್’ (ನಿನ್ನೆ) ಮುಂತಾದ ಚಿಕ್ಕ ಪದಗಳಲ್ಲಿ ಅದನ್ನು ಹೇಳಬೇಕು. ‘ಇವೇರ್’ (ಚಳಿಗಾಲ) ಚಿಕ್ಕದಲ್ಲದಿದ್ದರೂ ಈ ಗುಂಪಿಗೇ ಸೇರುತ್ತದೆ. ‘ಫಿನೀರ್’ (ಮುಗಿಸುವುದು), ‘ಸ್ವಾರ್’ (ಸಂಜೆ), ‘ಬೊಂಝೂರ್’ ಮೊದಲಾದವುಗಳಲ್ಲೂ ಹೇಳುತ್ತಾರೆ. ಕಲಿಯುವವರು ಹೆಚ್ಚು ಎಡವುವುದು ಗಂಡಸರನ್ನು ಗೌರವದಿಂದ ಕರೆಯುವ ಪದದಲ್ಲಿ: ಬರೆಯುವಾಗ ಅದರ ಕೊನೆಗೆ ರಕಾರವಿದೆ, ಆಡುವಾಗ ಅದು ‘ಮೆಸ್ಯೋ’ ಮಾತ್ರ.